ಒಂದು ಡಬ್ಬಿ ಗಾಳಿ

"ಯಾವ ಸೆಂಟು ಹಾಕಿದ್ದೀರಿ?"

ವಿಮಾನದ ಮೆಟ್ಟಿಲಿಗೆ ಕಾಲಿಟ್ಟಿದ್ದ ಟೀಚರ್ ಅಲ್ಲೇ ನಿಂತಳು. ಮುಖ ಪರಿಚಯವೂ ಇಲ್ಲದ ಗಂಡಸು, ಕೈಯಲ್ಲೊಂದು ಟ್ರೇ ಹಿಡಿದು, ದಾರಿಗೆ ಅಡ್ಡ ನಿಂತು ಕೇಳುವ ಮೊದಲ ಮಾತೇ ಇದಾ?

"ಅದು ನಿಮಗ್ಯಾಕೆ ಬೇಕು?"

"ನನಗೆ ಬೇಡ. ಡಬ್ಬಿಗಳಿಗೆ ಆಗಲ್ಲ." ಅವನು ನಗಲಿಲ್ಲ. "ಸೆಂಟು, ಪೌಡರು, ಉಗುರಿನ ಬಣ್ಣ, ಯಾವುದೂ ಒಳಗೆ ಬರೋ ಹಾಗಿಲ್ಲ. ನಾವು ಹಿಡಿಯೋದು ಹೊರಗಿನ ಗಾಳಿ, ನಿಮ್ಮದಲ್ಲ."

ಹಿಂದೆ ಸಾಲಾಗಿ ನಿಂತಿದ್ದ ಮೇಷ್ಟ್ರುಗಳು ಕಿಸಕ್ಕೆಂದರು. ಟೀಚರಿಗೆ ಮೈಯೆಲ್ಲ ಉರಿಯಿತು.

ವಿಜ್ಞಾನ ಕಲಿಸುವವರನ್ನು ಬೇಸಿಗೆ ರಜೆಯಲ್ಲಿ ಸಂಶೋಧನಾ ವಿಮಾನ ಹತ್ತಿಸಿ, ಆಕಾಶದಲ್ಲಿ ಗಾಳಿಯನ್ನು ಉಕ್ಕಿನ ಡಬ್ಬಿಗಳಿಗೆ ತುಂಬಿಸಿ, ಅದರಲ್ಲಿ ಏನೇನಿದೆ ಎಂದು ಅವರಿಂದಲೇ ಪರೀಕ್ಷೆ ಮಾಡಿಸುವ ಶಿಬಿರ ಅದು. ಡಬ್ಬಿಗಳ ಉಸ್ತುವಾರಿ ಈ ವಿಜ್ಞಾನಿಯದು. ಎಲ್ಲರೂ ಅವನನ್ನು ಡಬ್ಬಿ ಸಾರ್ ಎನ್ನುತ್ತಿದ್ದರು, ಅದೂ ಎದುರಿಗೇ.

ಟೀಚರ್ ಜೇಬು ಖಾಲಿ ಮಾಡಿದಳು. ರಬ್ಬರು, ಸೇಫ್ಟಿ ಪಿನ್ನು, ಪಾಠದ ನಡುವೆ ಯಾವಳೋ ಹುಡುಗಿಯಿಂದ ಕಿತ್ತುಕೊಂಡು ವಾಪಸು ಕೊಡಲು ಮರೆತಿದ್ದ ಪ್ಲಾಸ್ಟಿಕ್ ಉಂಗುರ. ಅವನು ಟ್ರೇ ನೋಡಿದ. ಅವಳ ಮುಖ ನೋಡಿದ, ತುರುಬು ನೋಡಿದ. ಏನೋ ಹೇಳಲು ಹೋಗಿ, ಸುಮ್ಮನೆ ಪಕ್ಕಕ್ಕೆ ಸರಿದ.

'ಎಂಥಾ ಸಿಡುಕು ಮೂತಿಯಪ್ಪಾ...' ಎಂದುಕೊಂಡು ಅವಳು ಒಳಗೆ ಹೋದಳು.

ಅವಳು ಅಷ್ಟು ದೂರ ಬಂದದ್ದು ಒಂದೇ ಪ್ರಶ್ನೆ ಹೊತ್ತು. ಅವಳ ತರಗತಿಯ ಮಕ್ಕಳಿಗೆ ಊಟವಾದ ಮೇಲೆ ತಲೆನೋವು. ಬೆಳಗ್ಗೆ ಬೆಂಚು ಮುರಿಯುವಂತೆ ಕುಣಿಯುವವರು ಮಧ್ಯಾಹ್ನ ಹಣೆ ಒತ್ತಿಕೊಂಡು ಕೂರುತ್ತಿದ್ದರು. ಶಾಲೆಯ ಹಿಂದೆಯೇ ಬಣ್ಣದ ಫ್ಯಾಕ್ಟರಿ. ಅದರ ಹೊಗೆಗೆ ಹೆದರಿ ಅವಳು ಕಿಟಕಿಗಳಿಗೆಲ್ಲ ಚಿಲಕ ಹಾಕಿಸಿದ್ದಳು. ಆದರೂ ತಲೆನೋವು ಹೋಗಿರಲಿಲ್ಲ. ದೂರು ಕೊಡಬೇಕೆಂದರೆ ಪುರಾವೆ ಬೇಕಿತ್ತು.

ವಿಮಾನ ತಗ್ಗಿನಲ್ಲಿ ಹಾರುತ್ತಿತ್ತು. ಬಿಸಿಲಿಗೆ ಕಾದ ಗಾಳಿ ಅದನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಗಣಿತದ ಮೇಷ್ಟ್ರೊಬ್ಬರು ಕಾಗದದ ಚೀಲಕ್ಕೆ ಮುಖ ಹುದುಗಿಸಿದ್ದರು.

"ಹೆದರಿಕೆ ಆಗ್ತಿದೆಯಾ?" ಡಬ್ಬಿ ಸಾರ್ ಅವಳ ಸೀಟಿನ ಬೆನ್ನು ಹಿಡಿದು ಬಗ್ಗಿ ಕೇಳಿದ.

"ಮಕ್ಕಳು ತುಂಬಿದ ತರಗತಿ ನಿಭಾಯಿಸೋಳು ಸಾರ್ ನಾನು. ಇದ್ಯಾವ ಲೆಕ್ಕ?"

ಅವನು ಮೊದಲ ಸಲ ನಕ್ಕ. ಸಿಡುಕು ಮೂತಿಯಲ್ಲಿ ಇಂಥ ನಗು ಎಲ್ಲಿ ಅಡಗಿತ್ತೋ ಎಂದು ಅವಳಿಗೆ ಕುತೂಹಲವಾಯಿತು. ಅಷ್ಟರಲ್ಲಿ ಕೆಳಗೆ ಶಾಲೆ ಕಂಡಿತು. ನೀರಿನ ಟ್ಯಾಂಕು, ಅಂಗಳ, ಹಿಂದೆ ಚಿಮಣಿ. ದಿನಾ ಬೆಳಗ್ಗೆ ಓಡಿ ಓಡಿ ಸುಸ್ತಾಗುವ ಅಂಗಳ ಇಷ್ಟೇ ಇಷ್ಟಾ?

ಡಬ್ಬಿ ಸಾರ್ ಮುಂದಿನ ಸಾಲಿಗೆ ಸರಿದಿದ್ದ. ಅವಳು ಡಬ್ಬಿಯ ಮುಚ್ಚಳ ತೆಗೆದಳು. ಕೊಳವೆಗೆ ಜೋಡಿಸುವ ಮೊದಲು, ಅಭ್ಯಾಸಬಲ ನೋಡಿ, ಒಂದು ಕೈಯಲ್ಲಿ ತುರುಬು ಹಿಡಿದು, ಅದಕ್ಕೆ ಸಿಕ್ಕಿಸಿದ್ದ ಬೋರ್ಡ್ ಪೆನ್ನು ಎಳೆದುಕೊಂಡು ಡಬ್ಬಿಯ ಮೇಲೆ ದುಂಡಗೆ 'ನಮ್ಮ ಶಾಲೆ' ಎಂದು ಬರೆದಳು. ಪೆನ್ನನ್ನು ಮತ್ತೆ ತುರುಬಿಗೆ ಸಿಕ್ಕಿಸಿ, ಡಬ್ಬಿಯನ್ನು ಜೋಡಿಸಿ, ತಿರುಪು ತಿರುಗಿಸಿ ಗಾಳಿ ತುಂಬಿಸಿದಳು.

ಮಾರನೆಯ ದಿನ ಪ್ರಯೋಗಾಲಯದ ಪರದೆಯ ಮೇಲೆ ಉಳಿದವರ ಡಬ್ಬಿಗಳಲ್ಲಿ ಏನೆಷ್ಟಿದೆ ಎಂದು ತೋರಿಸುವ ಗೆರೆಗಳು ಹುಲ್ಲಿನಷ್ಟು ಎತ್ತರಕ್ಕಿದ್ದರೆ, ಅವಳ ಡಬ್ಬಿಯದು ಚಿಮಣಿಯ ಹಾಗೆ ಎದ್ದು ನಿಂತಿತ್ತು. ಬಣ್ಣದಲ್ಲಿ, ಇಂಕಿನಲ್ಲಿ ಬಳಸುವ ದ್ರಾವಕದ ಆವಿ ಅದು.

ಅದೇ ಶಾಲೆಯಲ್ಲಿ ಬೇಸಿಗೆ ತರಗತಿ ನಡೆಸುತ್ತಿದ್ದ ಅಕ್ಕನಿಗೆ ಕೂಡಲೇ ಫೋನ್ ಹೋಯಿತು.

"ಅಕ್ಕಾ, ಸಿಕ್ಕಿಬಿಡ್ತು ಕಣೇ."

"ಹಾಗಾದ್ರೆ ಬಾ, ಫ್ಯಾಕ್ಟರಿಯವರ ಗ್ರಹಚಾರ ಬಿಡಿಸೋಣ. ಅಂದಹಾಗೆ, ಆ ಸಿಡುಕು ಮೂತಿ ಹೇಗಿದಾನೆ? ನಿನ್ನೆಯಿಂದ ಅವನ ಮಾತೇ ಆಡ್ತಿದ್ದೀಯ."

"ಸುಮ್ನಿರೇ ನೀನು."

ಸಂಜೆಯ ಸಭೆಯಲ್ಲಿ ಡಬ್ಬಿ ಸಾರ್ ಎದ್ದು ನಿಂತ. "ಶಾಲೆಯ ಡಬ್ಬಿ ಲೆಕ್ಕಕ್ಕಿಲ್ಲ. ತಪ್ಪು ನನ್ನ ಕಡೆಯಿಂದಾಗಿದೆ." ಅಷ್ಟು ಹೇಳಿ ಕೂತುಬಿಟ್ಟ.

ಸಭೆ ಮುಗಿದದ್ದೇ ತಡ, ಟೀಚರ್ ಮೊಗಸಾಲೆಯಲ್ಲಿ ಅವನನ್ನು ಅಡ್ಡಗಟ್ಟಿದಳು. ಈ ಸಲ ಅಡ್ಡ ನಿಲ್ಲುವ ಸರದಿ ಅವಳದು.

"ಫ್ಯಾಕ್ಟರಿಯವರಿಗೆ ಹೆದರಿದ್ರಾ?"

"ಇಲ್ಲ."

"ಮತ್ತೆ ಎಲ್ಲರ ಡಬ್ಬೀನೂ ಸರಿ, ನನ್ನದು ಮಾತ್ರ ಆಟಕ್ಕುಂಟು ಲೆಕ್ಕಕ್ಕಿಲ್ಲವಾ? ಆ ಮಕ್ಕಳ ಮುಖ ನೀವು ನೋಡಿಲ್ಲ ಸಾರ್."

ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಇಷ್ಟು ನೋಯುತ್ತಿತ್ತಾ? ಅವಳಿಗೇ ಗೊತ್ತಾಗಲಿಲ್ಲ.

ಅವನು ಅವಳ ತಲೆಯ ಕಡೆ ನೋಡಿದ. "ನಿಮ್ಮ ತುರುಬಲ್ಲಿ ಏನಿದೆ, ಟೀಚರ್?"

ಕೈ ತಾನಾಗಿ ತಲೆಗೆ ಹೋಯಿತು. "ಬೋರ್ಡ್ ಪೆನ್ನು..."

"ಡಬ್ಬಿ ಮೇಲೆ ಬರೆದದ್ದು ಅದರಲ್ಲೇ. ಅಷ್ಟು ದುಂಡನೆಯ ಅಕ್ಷರ ಇಲ್ಲಿ ಬೇರೆ ಯಾರಿಗೂ ಬರಲ್ಲ. ಮುಚ್ಚಳ ತೆಗೆದ ಮೇಲೆ ಬರೆದ್ರಾ?"

"ಹೂಂ. ಆದ್ರೆ ಒಂದು ಪೆನ್ನು ಇಷ್ಟೆಲ್ಲ ಮಾಡುತ್ತಾ? ನಾನು ನಂಬಲ್ಲ."

"ನಂಬಬೇಡಿ. ಖಾಲಿ ಡಬ್ಬಿ ಕೊಡ್ತೀನಿ, ನೀವೇ ನೋಡಿ."

ಅವನ ಮಾತು ಸುಳ್ಳು ಮಾಡಿಯೇ ತೀರುತ್ತೇನೆಂಬ ಹಟದಿಂದ ಅವಳು ಪರೀಕ್ಷೆಗೆ ಕೂತಳು. ಶುದ್ಧ ಮಾಡಿದ ಡಬ್ಬಿ, ಪಕ್ಕದಲ್ಲಿ ಬಾಯಿ ತೆರೆದ ಪೆನ್ನು. ಪರದೆಯ ಮೇಲೆ ಗೆರೆ ಎದ್ದಿತು. ಹಳೆಯ ಗೆರೆ, ಹೊಸ ಗೆರೆ ಎರಡೂ ಅವಳಿ ಮಕ್ಕಳ ಹಾಗಿದ್ದವು.

ಕಣ್ಣು ತುಂಬಿ ಬಂತು. ಅವನು ಒಂದು ಲೋಟ ನೀರು ತಂದಿಟ್ಟು, ಪಕ್ಕದ ಸ್ಟೂಲಿನ ಮೇಲೆ ಕೂತ. ನಾನು ಹೇಳಲಿಲ್ಲವಾ ಎನ್ನಲಿಲ್ಲ. ಆ ಒಂದು ಮಾತು ಅವನು ಆಡದೇ ಇದ್ದದ್ದಕ್ಕೆ ಅವಳ ಸಿಟ್ಟೆಲ್ಲ ಇಳಿದುಹೋಯಿತು.

ಆದರೂ ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಸಾರ್... ಒಂದು ಪೆನ್ನಿಗೇ ಇಷ್ಟಾದ್ರೆ, ಬಾಟಲಿ ತುಂಬ ಇಂಕು ಇದ್ರೆ?"

"ಎಲ್ಲಿ?"

"ತರಗತಿ ಕಪಾಟಲ್ಲಿ. ಊಟ ಆದ್ಮೇಲೆ ಅಲ್ಲೇ ಕೂತು ಬೋರ್ಡ್ ಪೆನ್ನುಗಳಿಗೆಲ್ಲ ತುಂಬಿಸ್ತೀನಿ. ಅಗ್ಗದ್ದು, ಘಾಟು ಜಾಸ್ತಿ."

"ಆಗ ಕಿಟಕಿ?"

"ಮುಚ್ಚಿರುತ್ತೆ." ಅವಳ ದನಿ ಇಳಿಯಿತು. "ನಾನೇ ಮುಚ್ಚಿಸಿದ್ದು."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ನಮ್ಮ ಟೀಚರ್ ತುರುಬಲ್ಲಿ ಇಟ್ಟುಕೊಂಡು ಆಕಾಶವನ್ನೇ ಹುಡುಕಿದ್ದಳು. ಬೇಸಿಗೆ ತರಗತಿಗೂ ಅಕ್ಕ ಅದೇ ಕೋಣೆ, ಅದೇ ಇಂಕು ಬಳಸುತ್ತಿದ್ದಳು. ಟೀಚರ್ ಅವಳಿಗೆ ಫೋನ್ ಮಾಡಿ, ಬಾಟಲಿ ಆಚೆ ಇಡು, ಕಿಟಕಿ ತೆಗೆ ಎಂದಳು. "ನನ್ನಿಂದಲೇ ಅಕ್ಕಾ... ಅಷ್ಟೂ ದಿನ ನನ್ನಿಂದಲೇ."

"ತಿಳಿದು ಮಾಡಿದ್ದಲ್ಲ," ಡಬ್ಬಿ ಸಾರ್ ಮೆಲ್ಲಗೆ ಹೇಳಿದ. "ತಿಳಿದ ಮೇಲೆ ಮುಚ್ಚಿಡಲೂ ಇಲ್ಲ. ಎಷ್ಟೋ ವಿಜ್ಞಾನಿಗಳಿಗೆ ಅದು ಆಗಲ್ಲ."

ಶಿಬಿರದ ಕೊನೆಯ ಹಾರಾಟಕ್ಕೆ ಮೊದಲು ಅವನು ಪೈಲಟ್ ಮೇಡಂ ಅವರನ್ನು ಕಾಡಿ ಬೇಡಿ ಮತ್ತೊಮ್ಮೆ ಶಾಲೆಯ ಮೇಲೆ ಹೋಗಲು ಒಪ್ಪಿಸಿದ. ಮೆಟ್ಟಿಲ ಬಳಿ ಟೀಚರ್ ತಾನಾಗಿ ಪೆನ್ನು ಎಳೆದು ಟ್ರೇಗೆ ಹಾಕಿದಳು. ತುರುಬು ಬಿಚ್ಚಿ ಕೂದಲು ಬೆನ್ನ ತುಂಬ ಹರಡಿತು. ಡಬ್ಬಿ ಸಾರ್ ಕೈಯಲ್ಲಿದ್ದ ಟ್ರೇ ವಾಲಿ, ಅದರಲ್ಲಿದ್ದದ್ದೆಲ್ಲ ಕೆಳಗೆ ಚೆಲ್ಲಿತು. ಮೇಷ್ಟ್ರುಗಳು ಮತ್ತೆ ಕಿಸಕ್ಕೆಂದರು. ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ.

ಆ ಹಾರಾಟದಲ್ಲಿ ತುಂಬಿದ ಡಬ್ಬಿಯ ಗೆರೆ ಹುಲ್ಲಿನಷ್ಟೇ ತಗ್ಗಿತ್ತು. ಫ್ಯಾಕ್ಟರಿ ಆ ದಿನದ ಮಟ್ಟಿಗೆ ನಿರಪರಾಧಿ. ಅಕ್ಕನಿಂದಲೂ ಸುದ್ದಿ ಬಂತು: "ವಾರದಿಂದ ಒಂದು ಮಗೂನೂ ತಲೆನೋವು ಅಂದಿಲ್ಲ ಕಣೇ. ಮಧ್ಯಾಹ್ನಾನೂ ಒಂದೇ ಗಲಾಟೆ. ಈಗ ತಲೆನೋವು ನನಗೆ."

ಹೊರಡುವ ದಿನ ಪೆಟ್ಟಿಗೆ ಹಿಡಿದು ಅವಳು ಪ್ರಯೋಗಾಲಯದ ಬಾಗಿಲಿಗೆ ಬಂದಳು. ಅವನು ಡಬ್ಬಿಗಳನ್ನು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

"ಒಂದು ಕೇಳ್ಲಾ? ಸಭೆಯಲ್ಲಿ ತಪ್ಪು ನನ್ನದು ಅಂದ್ರಲ್ಲ, ನನ್ನ ಮರ್ಯಾದೆ ಉಳಿಸೋಕಾ?"

"ಅಲ್ಲ. ನಿಜವಾಗ್ಲೂ ನನ್ನದೇ." ಅವನು ಬಟ್ಟೆ ಕೆಳಗಿಟ್ಟ. "ಮೊದಲ ದಿನವೇ ಪೆನ್ನು ಕಣ್ಣಿಗೆ ಬಿದ್ದಿತ್ತು. ತೆಗೀರಿ ಅನ್ನೋದೇ ನನ್ನ ಕೆಲಸ. ಆದ್ರೆ ತೆಗೆದ್ರೆ ತುರುಬು ಬಿಚ್ಚುತ್ತೆ ಅಂತಲೂ ಕಾಣ್ತಿತ್ತು. ಆಮೇಲೆ ನನ್ನ ಕೈಯಲ್ಲಿ ಕೆಲಸ ಆಗ್ತಿರಲಿಲ್ಲ. ಪೆನ್ಸಿಲ್ ಇರಬೇಕು ಬಿಡು ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡೆ. ಇಷ್ಟು ವರ್ಷದಲ್ಲಿ ಹಾಗೆ ಆಗಿದ್ದು ಅದೊಂದೇ ಸಲ."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ನಿಂತಳು.

ಅವನು ಹತ್ತಿರ ಬಂದವನು ತಟ್ಟನೆ ನಿಂತ. "ಸೆಂಟು ಹಾಕಿದ್ದೀರಿ."

"ಇವತ್ತು ಹಾರಾಟ ಇಲ್ವಲ್ಲ."

"ಯಾವ ಸೆಂಟು?"

"ಅದು ನಿಮಗ್ಯಾಕೆ ಬೇಕು?"

"ಇವತ್ತು ನನಗೇ ಬೇಕು, ಟೀಚರ್."

ಅವಳು ತುರುಬಿನ ಪೆನ್ನು ತೆಗೆದು ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದಳು. "ಶಾಲೆ ಶುರುವಾದ ಮೇಲೆ ಬನ್ನಿ. ಕಿಟಕಿ ತೆಗೆದಿರುತ್ತೆ."

"ಡಬ್ಬಿ ತರಲಾ?"

"ಬೇಡ. ನೀವೊಬ್ಬರೇ ಬನ್ನಿ."