ಹಾಯಿ, ಮೋಟಾರು ಮತ್ತು ಕಿಟಕಿ ಸೀಟು

“ಭಾನ್ವಾರ ಸಾಯಂಕಾಲ, ಚರ್ಚ್ ತನ್ಕ ರೇಸು. ನೀನ್ ಸೋತ್ರೆ ಕಿಟಕಿ ಸೀಟು ನಂದು,” ಎಂದು ಅಭಿಷೇಕ್ ಕೂಗಿದ.

ಸಿಂಧು ಅವನ ಪಕ್ಕದಲ್ಲೇ ನಿಂತು ಊಟದ ತಟ್ಟೆ ತೊಳೆಯುತ್ತಿದ್ದಳು. ಅಷ್ಟು ಜೋರಾಗಿ ಕೂಗುವ ಅಗತ್ಯವೇ ಇರಲಿಲ್ಲ. ನಲ್ಲಿಯ ಸುತ್ತ ಇದ್ದ ಐದನೇ ಕ್ಲಾಸಿನವರೆಲ್ಲ ತಿರುಗಿ ನೋಡಿದರು.

“ನೀನ್ ಸೋತ್ರೆ?” ಎಂದಳು ಸಿಂಧು.

“ನಾನ್ ಸೋಲದಾ? ನಮ್ದು ಮೋಟಾರ್ ಬೋಟು. ನಿಮ್ದು ಗೊಬ್ರದ ಚೀಲ.”

ಎಲ್ಲರೂ ನಕ್ಕರು. ಸಿಂಧುವಿನ ಕಿವಿ ಬಿಸಿಯಾಯಿತು. ಅವಳ ಅಪ್ಪ ಚನ್ನಪ್ಪನ ದೋಣಿಗೆ ಕಟ್ಟಿದ ಹಾಯಿ ನಿಜಕ್ಕೂ ಗೊಬ್ಬರದ ಚೀಲಗಳದ್ದೇ. ಅಮ್ಮ ಅವನ್ನು ಬಿಚ್ಚಿ, ತೊಳೆದು, ದಬ್ಬಣದಲ್ಲಿ ಸೇರಿಸಿ ಹೊಲಿದಿದ್ದಳು.

“ಆಗ್ಲಿ. ನೀನ್ ಸೋತ್ರೆ, ಹಾಯಿದೋಣಿನೇ ಮೇಲು ಅಂತ ಎಲ್ಲರ ಮುಂದೆ ಹೇಳ್ಬೇಕು,” ಎಂದುಬಿಟ್ಟಳು.

ಹೇಳಿದ ಮೇಲೆ ಭಯವಾಯಿತು. ಕಿಟಕಿ ಸೀಟಿನಿಂದ ಹಿನ್ನೀರು ಕಾಣುತ್ತಿತ್ತು, ಅದರಲ್ಲಿ ಅರ್ಧ ಮುಳುಗಿ ನಿಂತ ಹಳೆಯ ಚರ್ಚೂ ಕಾಣುತ್ತಿತ್ತು. ಶಾಲೆ ಶುರುವಾದಾಗಿನಿಂದ ಅದು ಅವಳ ಜಾಗ.

ಸಂಜೆ ದಡದಲ್ಲಿ ಅಪ್ಪನೂ ಅಭಿಷೇಕನ ಅಪ್ಪ ಅಮರನಾಥನೂ ಬಲೆ ಸರಿಮಾಡುತ್ತ ಕೂತಿದ್ದರು.

“ಚನ್ನಪ್ಪಣ್ಣ, ನೀನು ದಡ ಮುಟ್ಟೋ ಹೊತ್ಗೆ ನನ್ ಮೀನು ಹಾಸನದಲ್ಲಿ ಸಾರಾಗಿರ್ತದೆ,” ಎಂದ ಅಮರನಾಥ.

“ನಿನ್ ಬೋಟು ಪೆಟ್ರೋಲ್ ಕುಡಿಯೋದ್ ನೋಡಿದ್ರೆ ನಮ್ಮ ಎಮ್ಮೆಗೂ ನಾಚ್ಕೆ ಆಯ್ತದೆ ಕಣ. ಮೀನ್ ಮಾರಿದ್ ದುಡ್ಡು ಮನೆಗ್ ಬತ್ತದೋ, ಬಂಕ್‌ಗೋಯ್ತದೋ?”

“ಗಾಳಿ ಇಲ್ದಿದ್ ದಿನ ನೀನ್ ಹುಟ್ಟಾಕ್ತೀಯಲ್ಲ. ನಿನ್ ತೋಳಿಗೆ ಬೆಲೆ ಇಲ್ವಾ?”

ಅಪ್ಪ ನಕ್ಕು ತನ್ನ ಅಂಗೈ ನೋಡಿಕೊಂಡ. ಅದು ಹುಟ್ಟು ಹಿಡಿದು ಹಿಡಿದು ದಡ್ಡುಗಟ್ಟಿತ್ತು.

ಭಾನುವಾರ ಸಂಜೆ ಇಬ್ಬರೂ ಬಲೆ ಬಿಡಲು ಹೊರಟಾಗ ಮಕ್ಕಳೂ ಹತ್ತಿಕೊಂಡರು. ಮೊದಲು ಗಾಳಿ ಚೆನ್ನಾಗಿತ್ತು. ಹಾಯಿ ಉಬ್ಬಿತು. ಸಿಂಧು ಚರ್ಚನ್ನೇ ನೋಡುತ್ತ ಕೂತಳು.

ಅರ್ಧ ದಾರಿಯಲ್ಲಿ ಗಾಳಿ ನಿಂತುಹೋಯಿತು. ಹಾಯಿ ಒಗೆದು ಹಾಕಿದ ಬಟ್ಟೆಯ ಹಾಗೆ ಜೋತುಬಿತ್ತು.

ಭರ್ರೆಂದು ಮೋಟಾರ್ ಬೋಟು ಮುಂದೆ ಹೋಯಿತು. ಚರ್ಚಿಗೆ ಒಂದು ಸುತ್ತು ಹಾಕಿತು. ಹಿಂದೆ ಬಂದು ಅವರ ದೋಣಿಗೆ ಒಂದು ಸುತ್ತು, ಮತ್ತೆ ಚರ್ಚಿಗೆ. “ಇನ್ನೊಂದ್ ರೌಂಡಪ್ಪ, ಇನ್ನೊಂದೇ ರೌಂಡು,” ಎಂದು ಅಭಿಷೇಕ್ ಕೂಗುವುದು ನೀರಿನ ಮೇಲೆಲ್ಲ ಕೇಳುತ್ತಿತ್ತು.

“ಅಪ್ಪಾ, ಜೋರಾಗ್ ಹುಟ್ಟಾಕು,” ಎಂದಳು ಸಿಂಧು.

“ಯಾಕವ್ವ ಅವಸ್ರ? ಚರ್ಚೇನ್ ಎದ್ದೋಯ್ತದಾ?”

ಸಿಂಧು ಜೋತುಬಿದ್ದ ಹಾಯಿಯ ಕಡೆ ನೋಡಿದಳು. ಕಿಟಕಿ ಸೀಟು ಹೋಗಿತ್ತು.

ಸೋಮವಾರ ಬೆಳಗ್ಗೆ ಬಲೆ ಎತ್ತಬೇಕು. ಅಮರನಾಥ ಎಷ್ಟು ಸಲ ಹಗ್ಗ ಎಳೆದರೂ ಇಂಜಿನ್ ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಕ್ಯಾನಿನಲ್ಲೂ ಪೆಟ್ರೋಲ್ ಇರಲಿಲ್ಲ. ಬಂಕಿಗೆ ಹೋಗಿ ಬರುವಷ್ಟರಲ್ಲಿ ಮೀನಿನ ವ್ಯಾನು ಬಂದು ಹೋಗಿರುತ್ತದೆ.

“ನಿನ್ನೆ ಸುತ್ತಿದ್ದೇ ಸುತ್ತಿದ್ದು. ಇವತ್ತಿನ್ ಪೆಟ್ರೋಲೆಲ್ಲ ಆಟಕ್ಕೋಯ್ತು,” ಎಂದ ಅಮರನಾಥ. ಅಭಿಷೇಕ್ ನೆಲ ನೋಡುತ್ತ ನಿಂತ.

ಒಳ್ಳೇದೇ ಆಯ್ತು, ಅಂದುಕೊಂಡಳು ಸಿಂಧು.

ಅಪ್ಪ ದೋಣಿಯೊಳಗಿನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದ. “ಬಾರಪ್ಪ ಅಮರ, ಇಬ್ರ ಬಲೇನೂ ಎತ್ಕೊಂಡ್ ಬರಣ. ಇವತ್ತು ನಿನ್ ತೋಳಿಗೂ ಬೆಲೆ ಕಟ್ಟಣ.”

ಮಕ್ಕಳೂ ದೋಣಿ ಹತ್ತಿದರು. ಹೋಗುವಾಗ ಗಾಳಿ ಇರಲಿಲ್ಲ. ಅಪ್ಪಂದಿರಿಬ್ಬರೂ ಒಂದೊಂದು ಹುಟ್ಟು ಹಿಡಿದರು. ಅಮರನಾಥ ಬೇಗ ಬೆವೆತುಹೋದ. ಬಲೆಗಳನ್ನು ಎತ್ತಿ ಮುಗಿಸುವ ಹೊತ್ತಿಗೆ ಗಾಳಿ ಎದ್ದಿತು. ಅಪ್ಪ ಹಾಯಿ ಬಿಚ್ಚಿದ. ದೋಣಿ ತಾನಾಗಿ ಹೊರಟಿತು.

“ಅದ್ಯಾವ್ ಹಕ್ಕಿ ಸಿಂಧು?” ಎಂದು ಅಭಿಷೇಕ್ ಕೂಗಿದ. ಚರ್ಚಿನ ಗೋಡೆಯ ಮೇಲೆ ಕೂತಿದ್ದ ಹಕ್ಕಿಗಳೆಲ್ಲ ಬೆಚ್ಚಿ ಹಾರಿದವು.

“ಮೆತ್ಗೆ ಕಣ್ಲಾ. ಇಲ್ಲಿ ಇಂಜಿನ್ ಇಲ್ಲ,” ಎಂದ ಅಮರನಾಥ, ಅಷ್ಟೇ ಜೋರಾಗಿ. ಆಮೇಲೆ ತಾನೇ ನಕ್ಕ. ಅಪ್ಪನೂ ನಕ್ಕ.

ಸಿಂಧು ಅಮರನಾಥನನ್ನೂ ಅಭಿಷೇಕನನ್ನೂ ನೋಡಿದಳು. ಮೋಟಾರಿನ ಪಕ್ಕ ಕೂತವರು ದಿನಾ ಹೀಗೇ ಮಾತಾಡಬೇಕೇನೋ.

ಅಭಿಷೇಕ್ ಬಾಯಿ ಮುಚ್ಚಿ ಕೂತ. ನೀರು ದೋಣಿಯ ಪಕ್ಕೆಗೆ ತಟ್ಟುತ್ತಿತ್ತು. ಬುಟ್ಟಿಯಲ್ಲಿ ಮೀನು ಮಿಸುಕುತ್ತಿತ್ತು.

“ಚೀಲ ಪಟಪಟ ಅಂತದೆ, ಅಲ್ವಾ?”

ಬೇರೆ ಯಾರೋ ಮಾತಾಡಿದರು ಅನ್ನಿಸಿ ಸಿಂಧು ತಿರುಗಿದಳು. ಮಾತಾಡಿದ್ದು ಅಭಿಷೇಕನೇ. ಅವನಿಗೆ ಇಷ್ಟು ಸಣ್ಣ ದನಿ ಇರುವುದು ಅವಳಿಗೆ ಗೊತ್ತೇ ಇರಲಿಲ್ಲ.

ಶಾಲೆಯಲ್ಲಿ ಸಿಂಧು ತನ್ನ ಬ್ಯಾಗು ಎತ್ತಿಕೊಂಡು ಪಕ್ಕಕ್ಕೆ ಸರಿದಳು.

“ಬ್ಯಾಡ ಬಿಡು,” ಎಂದ ಅಭಿಷೇಕ್.

“ಸೋತಿದ್ದು ಸೋತಿದ್ದೇ. ಕೂತ್ಕ.”

ಅವನು ಕಿಟಕಿ ಪಕ್ಕ ಕೂತ. ಆಶಾರಾಣಿ ಮಿಸ್ ಬೋರ್ಡಿನ ಮೇಲೆ ನಕಾಶೆ ತೂಗುಹಾಕಿ ಕೇಳಿದರು, “ಗೊರೂರಲ್ಲಿ ಡ್ಯಾಮ್ ಕಟ್ಟಿರೋದು ಯಾವ ನದಿಗೆ?”

ಅಭಿಷೇಕ್ ಎದ್ದು ನಿಂತು ಕೂಗಿದ. “ಹೇಮಾವತಿ ಮಿಸ್!”

ಮಿಸ್ ಕಿವಿ ಮುಚ್ಚಿಕೊಂಡರು. ಕ್ಲಾಸೆಲ್ಲ ನಕ್ಕಿತು. ಅಭಿಷೇಕನ ಕಿವಿ ಕೆಂಪಾಯಿತು.

ಸಿಂಧುವಿಗೆ ನಗು ಬರಲಿಲ್ಲ. ಅವಳು ಅವನ ಕಡೆ ಬಾಗಿ ಪಿಸುಗುಟ್ಟಿದಳು. “ಇಂಜಿನ್ ಆಫ್ ಆಗಿದೆ ಕಣೋ.”

ಅಭಿಷೇಕ್ ಕಿಟಕಿಯಾಚೆ ನೀರನ್ನು ಒಮ್ಮೆ ನೋಡಿದ. ಆಮೇಲೆ ಮಿಸ್ ಕಡೆ ತಿರುಗಿದ.

“ಹೇಮಾವತಿ, ಮಿಸ್,” ಎಂದ, ಮೆತ್ತಗೆ.