ಬೈದವರ ಇಪ್ಪತ್ತು ಹಾಳೆ

“ಬೈಯಿರಿ ಮಾಮ, ಇನ್ನೂ ಸ್ವಲ್ಪ ಬೈಯಿರಿ! ನಾನು ಬರ್ಕೊಳ್ತೀನಿ” ಅಂದಳು ಚೂಟಿ, ಪೆನ್ಸಿಲ್ ಹಿಡಿದು ಸಿದ್ಧವಾಗಿ.

ದರ್ಜಿ ಮಾಮನಿಗೆ ಅಷ್ಟು ಹೇಳಿದ್ದೇ ಸಾಕಾಯಿತು. ಬೆಳಿಗ್ಗೆಯಷ್ಟೇ ಅವರ ಫೋನು ಹೊಲಿಗೆ ಮಷಿನ್ನಿನ ಮೇಲಿಂದ ಜಾರಿ ಬಿದ್ದು, ಗಾಜು ಚೂರುಚೂರಾಗಿತ್ತು.

“ಇದೊಂದು ಫೋನಾ? ಸೋಪಿನ ಹಾಗೆ ಜಾರುತ್ತೆ! ಅಷ್ಟು ದೊಡ್ಡ ಕಂಪನಿ, ಗಟ್ಟಿಯಾಗಿರೋ ಒಂದು ಗಾಜು ಹಾಕೋಕೆ ಅವ್ರಿಗೇನು ಧಾಡಿ?”

“ಹಾಗಾದ್ರೆ ‘ಇಷ್ಟವಿಲ್ಲ’ ಅಂತ ಟಿಕ್ ಹಾಕ್ಲಾ?”

“ಒಂದಲ್ಲ, ಎರಡು ಟಿಕ್ ಹಾಕು!” ಅಂದ ಮಾಮ, ಕೌಂಟರಿನ ಆಚೆ ಕೂತಿದ್ದ ಅಪ್ಪನ ಕಡೆ ತಿರುಗಿದರು. ಇದ್ದಕ್ಕಿದ್ದಂತೆ ಅವರ ದನಿ ಮೆತ್ತಗಾಯಿತು. “ಸರಿಹೋಗುತ್ತೆ ತಾನೆ? ನಾಳೆಗಾದ್ರೂ ಸಿಗುತ್ತಾ?”

“ನಾಳೆ ಸಂಜೆ ಬನ್ನಿ” ಅಂದರು ಅಪ್ಪ, ಸಣ್ಣ ಸ್ಕ್ರೂಡ್ರೈವರ್ ಹುಡುಕುತ್ತಾ.

ಅದು ಅಪ್ಪನ ಫೋನ್ ರಿಪೇರಿ ಅಂಗಡಿ. ನಾಲ್ಕು ಜನ ನಿಂತರೆ ಐದನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟು ಚಿಕ್ಕದು. ಆದರೆ ಚೂಟಿಯ ಸ್ಕೂಲ್ ಫೀಸು, ಶೂ, ಊಟ, ತಿಂಡಿ ಎಲ್ಲವೂ ಅಲ್ಲಿಂದಲೇ ಬರಬೇಕು. ಈಗ ಆ ದೊಡ್ಡ ಕಂಪನಿ ಹೊಸ ರೂಲ್ಸ್ ತರುತ್ತದಂತೆ. ತನ್ನ ಫೋನನ್ನು ತನ್ನ ಸೆಂಟರಿನಲ್ಲೇ ರಿಪೇರಿ ಮಾಡಿಸಬೇಕು, ಹೊರಗಿನವರು ಗಾಜು ಬದಲಿಸಿದರೆ ಫೋನು ಆನ್ ಆಗುವುದೇ ಇಲ್ಲ!

ಇದು ಸರಿಯೋ ತಪ್ಪೋ ಅಂತ ಸರ್ಕಾರ ಒಂದು ಸಮಿತಿ ಮಾಡಿ, ಜನರ ಅಭಿಪ್ರಾಯ ಕೇಳಿತ್ತು. ಮಿಸ್ ಕೂಡ ಕ್ಲಾಸಿಗೆ ಅದನ್ನೇ ಹೋಮ್‌ವರ್ಕ್ ಕೊಟ್ಟಿದ್ದರು. ಇಪ್ಪತ್ತು ಹಾಳೆ, ಎರಡೇ ಪ್ರಶ್ನೆ. ಈ ಫೋನು ಇಷ್ಟವೇ? ಬೇರೆ ಅಂಗಡಿಯವರಿಗೂ ರಿಪೇರಿ ಮಾಡಲು ಬಿಡಬೇಕೇ? ಚೆನ್ನಾಗಿ ಮಾಡಿದವರ ಹಾಳೆಗಳನ್ನು ಮಿಸ್ ಸಮಿತಿಗೆ ಪೋಸ್ಟ್ ಮಾಡುತ್ತಾರಂತೆ.

ಅಪ್ಪನ ಅಂಗಡಿ ಉಳಿಸಲು ಇದಕ್ಕಿಂತ ಒಳ್ಳೆ ದಾರಿ ಇದೆಯೇ? ಚೂಟಿ ಸ್ಟೂಲು ಎಳೆದುಕೊಂಡು ಅಂಗಡಿಯ ಬಾಗಿಲಲ್ಲೇ ಠಿಕಾಣಿ ಹೂಡಿದಳು. ಸಂಜೆಯೊಳಗೆ ಇಪ್ಪತ್ತೂ ಹಾಳೆ ತುಂಬಿದವು. ಇಪ್ಪತ್ತಕ್ಕೆ ಇಪ್ಪತ್ತೂ ‘ಇಷ್ಟವಿಲ್ಲ’!

ಮಾರನೆಯ ದಿನ ಅವಳು ಎದೆಯುಬ್ಬಿಸಿಕೊಂಡು ಕ್ಲಾಸಿಗೆ ಹೋದಳು.

ಆದರೆ ಸೋಡಾಬುಡ್ಡಿ ಅವಳಿಗಿಂತ ಮೊದಲೇ ಎದ್ದು ನಿಂತಿದ್ದ. ದಪ್ಪ ಕನ್ನಡಕದ ಈ ಹುಡುಗನ ಅಮ್ಮ ಅದೇ ಕಂಪನಿಯ ಶೋರೂಮಿನಲ್ಲಿ ಕೆಲಸ ಮಾಡುತ್ತಿದ್ದರು. “ಮಿಸ್, ನನ್ನ ಇಪ್ಪತ್ತು ಜನಕ್ಕೂ ಫೋನು ತುಂಬಾ ಇಷ್ಟ. ರಿಪೇರೀನೂ ಕಂಪನಿಯೇ ಮಾಡ್ಲಿ ಅಂದ್ರು.”

“ಸುಳ್ಳು!” ಚೂಟಿ ಎದ್ದೇಬಿಟ್ಟಳು. “ನನ್ನ ಇಪ್ಪತ್ತು ಜನ ಉಗಿದು ಉಪ್ಪಿನಕಾಯಿ ಹಾಕಿದಾರೆ.”

“ನೀನೇ ಸುಳ್ಳಿ!”

“ಸಾಕು, ಸಾಕು.” ಮಿಸ್ ಎರಡೂ ಕಟ್ಟುಗಳನ್ನು ತಿರುವಿ ನೋಡಿದರು. “ಪುಟ್ಟಾ, ನೀನೆಲ್ಲಿ ಕೇಳಿದೆ?”

“ಶೋರೂಮ್ ಬಾಗಿಲಲ್ಲಿ ಮಿಸ್. ಹೊಸ ಫೋನ್ ತಗೊಂಡು ಬರೋರನ್ನ.”

ಚೂಟಿ ಬಿದ್ದು ಬಿದ್ದು ನಕ್ಕಳು. “ಐಸ್‌ಕ್ರೀಂ ಹಿಡ್ಕೊಂಡಿರೋ ಮಗೂನ ಖುಷಿಯಾ ಅಂತ ಕೇಳ್ದಂಗಾಯ್ತು!”

“ನೀನೆಲ್ಲಿ ಕೇಳಿದೆ?” ಅಂದರು ಮಿಸ್.

“ನಾನಾ? ಅಪ್ಪನ ರಿಪೇರಿ ಅಂಗಡಿ...” ಅಷ್ಟು ಹೇಳಿ ಚೂಟಿ ತಟ್ಟನೆ ನಿಲ್ಲಿಸಿದಳು. ತನ್ನ ಬೆನ್ನು ತನಗೆ ಕಾಣದು ಅಂತಾರಲ್ಲ, ಹಾಗಾಗಿತ್ತು. ಈಗ ನಗುವ ಸರದಿ ಇಡೀ ಕ್ಲಾಸಿನದು. ಅವಳ ಕಿವಿ ಬಿಸಿಯಾಯಿತು.

“ಆಸ್ಪತ್ರೆ ಬಾಗಿಲಲ್ಲಿ ನಿಂತು ಕೇಳಿದ್ರೆ ಊರಿಗೆಲ್ಲ ಜ್ವರ ಅಂತಾನೇ ಉತ್ತರ ಬರೋದು” ಅಂದರು ಮಿಸ್. ಅವರಿಗೂ ನಗು ತಡೆಯಲಾಗಲಿಲ್ಲ. “ಇವೆರಡೂ ಸಮಿತಿಗೆ ಹೋಗಲ್ಲ. ಇಬ್ರೂ ಸೇರಿ ಬಸ್ ಸ್ಟಾಪಿನಲ್ಲಿ ಕೇಳಿ. ಇಬ್ಬರಿಗೂ ಸೇರಿ ಇಪ್ಪತ್ತೇ ಹಾಳೆ. ನಾಳೆ ಪೋಸ್ಟಿಗೆ ಕಡೇ ದಿನ.”

ಹಾವು ಮುಂಗುಸಿಯನ್ನು ಒಂದೇ ಬುಟ್ಟಿಯಲ್ಲಿ ಇಟ್ಟಂತಾಯಿತು. ಬಸ್ ಸ್ಟಾಪಿನವರೆಗೂ ಇಬ್ಬರೂ ಬೀದಿಯ ಎರಡು ಪಕ್ಕದಲ್ಲಿ ನಡೆದರು.

ಮೊದಲು ಸಿಕ್ಕಿದ್ದು ಒಬ್ಬರು ಅಜ್ಜಿ. ಚೀಲದಿಂದ ಬಟನ್ ಫೋನು ತೆಗೆದು ತೋರಿಸಿದರು. “ಇದು ಬಾವಿಗೆ ಬಿದ್ರೂ ಹಲೋ ಅನ್ನುತ್ತೆ ಕಣ್ರೋ! ನಿಮ್ಮ ಗಾಜಿನ ಫೋನು ನನಗ್ಯಾಕೆ?”

ಇಬ್ಬರೂ ಒಟ್ಟಿಗೇ ಕಿಸಕ್ಕನೆ ನಕ್ಕರು. ಆಮೇಲೆ ಒಂದೇ ಪಕ್ಕದಲ್ಲಿ ನಿಂತರು.

“ಫೋನೇನೋ ಚಿನ್ನದಂಥದ್ದು” ಅಂದರು ಬಸ್ ಡ್ರೈವರ್. “ಆದ್ರೆ ಕೆಟ್ರೆ ಕಂಪನಿ ಸೆಂಟರಿಗೆ ಹೋಗೋಕೆ ಒಂದು ದಿನ ರಜ ಹಾಕ್ಬೇಕು. ಪಕ್ಕದ ಅಂಗಡೀಲಿ ಆದ್ರೆ ಏನು ಕಷ್ಟ?” ಸೋಡಾಬುಡ್ಡಿ ಕನ್ನಡಕ ಮೇಲೇರಿಸಿ, ಮುಖ ಸಣ್ಣದು ಮಾಡಿಕೊಂಡು, ಹೇಳಿದ್ದನ್ನು ಹೇಳಿದಂತೆ ಬರೆದ.

ಆಮೇಲೆ ಒಬ್ಬರು ನರ್ಸ್ ಅಕ್ಕ ಬಂದರು. “ಬೇಡಪ್ಪಾ, ಕಂಪನಿಯೇ ರಿಪೇರಿ ಮಾಡ್ಲಿ. ಒಂದ್ಸಲ ಯಾವುದೋ ಅಂಗಡೀಲಿ ಕೊಟ್ಟು ನನ್ನ ಮಗಳ ಫೋಟೋ ಎಲ್ಲಾ ಹೋಯ್ತು. ಅವಳು ಮೊದಲ ಸಲ ನಡೆದ ವಿಡಿಯೋ ಕೂಡ.”

ಚೂಟಿಯ ಪೆನ್ಸಿಲ್ ನಿಂತುಬಿಟ್ಟಿತು. ನಮ್ಮಪ್ಪ ಹಾಗೆ ಮಾಡಲ್ಲ ಅಂತ ಕೂಗಿ ಹೇಳಬೇಕೆನಿಸಿತು. ಈ ಒಂದು ಹಾಳೆ ಬರೆಯದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಪಕ್ಕದಲ್ಲಿ ಸೋಡಾಬುಡ್ಡಿ ಅವಳ ಹಾಳೆಯನ್ನೇ ನೋಡುತ್ತಿದ್ದ. ಅವನ ಹಾಳೆಯಲ್ಲಿ ಡ್ರೈವರ್ ಮಾತು ಪೂರ್ತಿ ಇತ್ತು. ಚೂಟಿ ಉಸಿರು ಬಿಟ್ಟು, ನರ್ಸ್ ಅಕ್ಕನ ಮಾತನ್ನೂ ಪೂರ್ತಿ ಬರೆದಳು. ವಿಡಿಯೋ ಹೋದದ್ದನ್ನೂ ಬಿಡಲಿಲ್ಲ.

ಹೊತ್ತು ಇಳಿಯುವಾಗ ಹತ್ತೊಂಬತ್ತು ಹಾಳೆಯಾಗಿದ್ದವು. ಒಂದು ಉಳಿಯಿತು.

“ನಿಮ್ಮಪ್ಪನ್ನ ಕೇಳು” ಅಂದ ಸೋಡಾಬುಡ್ಡಿ.

“ಅವ್ರದ್ದು ಕೇಳೋದೇ ಬೇಡ, ನನಗೆ ಗೊತ್ತು” ಅಂದಳು ಚೂಟಿ. ಆದರೂ ಅಂಗಡಿಗೆ ಬಂದು ಹಾಳೆಯನ್ನು ಅಪ್ಪನ ಮುಂದಿಟ್ಟಳು.

ಅಪ್ಪ ಕೈ ಒರೆಸಿಕೊಂಡು, ಎರಡನೆಯ ಪ್ರಶ್ನೆಗೆ ‘ಬಿಡಬೇಕು’ ಅಂತ ಟಿಕ್ ಹಾಕಿದರು. ಮೊದಲನೆಯದಕ್ಕೆ ‘ತುಂಬಾ ಇಷ್ಟ’ ಅಂತ ಹಾಕಿದರು.

“ಅಪ್ಪಾ!” ಚೂಟಿ ಕಿರುಚಿದಳು. “ನಿಮ್ಮ ಅಂಗಡಿ ಮುಚ್ಚಿಸೋ ಕಂಪನಿ ಅದು! ನೀವು ಯಾರ ಪಾರ್ಟಿ?”

“ರೂಲ್ಸ್ ಮೇಲೆ ಕೋಪ ಇದೆ ಕಣೇ, ಬೇಜಾನ್ ಇದೆ. ಆದ್ರೆ ಬಿಚ್ಚಿ ನೋಡೋನು ನಾನು. ಒಳಗಿನ ಕೆಲಸ ಎಷ್ಟು ನಾಜೂಕು ಗೊತ್ತಾ? ಚೆನ್ನಾಗಿರೋದನ್ನ ಚೆನ್ನಾಗಿಲ್ಲ ಅಂತ ಹ್ಯಾಗೆ ಬರೀಲಿ?”

ಅಷ್ಟರಲ್ಲಿ ದರ್ಜಿ ಮಾಮ ಬಂದರು. ಅಪ್ಪ ಕೊಟ್ಟ ಫೋನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಳಕಿಗೆ ಹಿಡಿದು ನೋಡಿ, ಅಂಗಿಯ ತುದಿಯಿಂದ ಒರೆಸಿದರು. ನಿನ್ನೆ ಬೈದ ಬಾಯಿ ಕಿವಿಯವರೆಗೂ ಅಗಲವಾಗಿತ್ತು.

“ಮಾಮ, ನಿನ್ನೆ ಅಷ್ಟು ಬೈದ್ರಲ್ಲ. ಬೇರೆ ಕಂಪನಿ ಫೋನ್ ತಗೋಬಹುದಿತ್ತು.”

“ಅಯ್ಯೋ, ಬೇರೆ ಯಾಕೆ? ಇದು ಹೋಯ್ತಲ್ಲಾ ಅಂತ ತಾನೇ ಬೈದಿದ್ದು!” ಮಾಮ ಫೋನನ್ನು ಎದೆಯ ಜೇಬಿಗೆ ಇಳಿಸಿ, ಅದರ ಮೇಲೆ ಎರಡು ಸಲ ತಟ್ಟಿ ಹೊರಟರು.

ಚೂಟಿ ಬ್ಯಾಗಿನಿಂದ ಹಳೆಯ ಇಪ್ಪತ್ತು ಹಾಳೆಗಳನ್ನು ಹೊರತೆಗೆದಳು. ಹರಿದು ಬುಟ್ಟಿಗೆ ಹಾಕಬೇಕೆಂದಿದ್ದಳು. ಒಂದೊಂದನ್ನೇ ನೋಡುತ್ತಾ ಹೋದಂತೆ ಒಂದೊಂದು ಮುಖ ನೆನಪಾಯಿತು. ಎಲ್ಲರೂ ಬೈದಿದ್ದರು. ಬೈದ ಮೇಲೆ ಎಲ್ಲರೂ ಅಪ್ಪನ ಕಡೆ ತಿರುಗಿ ಒಂದೇ ಮಾತು ಕೇಳಿದ್ದರು. ಅದಕ್ಕೆ ಹಾಳೆಯಲ್ಲಿ ಜಾಗ ಇರಲಿಲ್ಲ, ಅವಳೂ ಬರೆದುಕೊಂಡಿರಲಿಲ್ಲ.

ಆಗಲೇ ಬಾಗಿಲಲ್ಲಿ ಯಾರೋ ಅಕ್ಕ ಒಡೆದ ಫೋನು ಹಿಡಿದು ನಿಂತರು. “ಥೂ, ಇದೂ ಒಂದು ಫೋನಾ!” ಅಂದರು. ಆಮೇಲೆ ಮೆತ್ತಗೆ, “ಸರಿಹೋಗುತ್ತೆ ತಾನೆ?”

“ಹೋಗುತ್ತೆ ಅಕ್ಕಾ, ಕೂತ್ಕೊಳ್ಳಿ” ಅಂದಳು ಚೂಟಿ, ಸ್ಟೂಲು ಬಿಟ್ಟುಕೊಟ್ಟು. “ಅಪ್ಪಾ, ಮೊದ್ಲು ಅವ್ರ ಫೋಟೋ ಎಲ್ಲಾ ಕಾಪಿ ಮಾಡಿಡಿ.”