ಏಳು ನಿಮಿಷಕ್ಕೊಂದು ಕಿಲೋಮೀಟರ್

"ಈ ಸ್ಪೀಡಲ್ಲಿ ಹೋದ್ರೆ ಸೇತುವೆ ತನಕವೂ ಹೋಗಲ್ಲ ನೀವು."

ಪಕ್ಕದಿಂದ ಬಂದ ಮಾತಿಗೆ ಅವಳ ಮೈ ಉರಿಯಿತು. ಓಟದ ತಂಡಕ್ಕೆ ಸೇರಿದ ಮೊದಲ ದಿನ ಅದು. ಗುರುತು ಪರಿಚಯವಿಲ್ಲದ ಈ ಮನುಷ್ಯ ಆಗಲೇ ಭವಿಷ್ಯ ಹೇಳುತ್ತಿದ್ದಾನೆ...

ಅವಳು ತಿರುಗಿಯೂ ನೋಡದೆ ಇನ್ನಷ್ಟು ಜೋರಾಗಿ ಓಡಿದಳು.

ಸೇತುವೆ ಇನ್ನೂ ನೂರು ಹೆಜ್ಜೆ ದೂರವಿರುವಾಗಲೇ ಪಕ್ಕೆ ಹಿಡಿದುಕೊಂಡಿತು. ದೀಪದ ಕಂಬಕ್ಕೆ ಆತುಕೊಂಡು ಏದುಸಿರು ಬಿಡುತ್ತಾ ನಿಂತಳು. ಅವನು ಅದೇ ನಿಧಾನದ ಹೆಜ್ಜೆಯಲ್ಲಿ ಬಂದ. ಮುಖದಲ್ಲಿ ಗೆದ್ದ ನಗುವಿರಲಿಲ್ಲ. ಅದೇ ಅವಳಿಗೆ ಇನ್ನೂ ಸಿಟ್ಟು ತಂದಿತು.

"ಸ್ವಲ್ಪ ನಡೆಯೋಣ. ಆಮೇಲೆ ಓಡಬಹುದು," ಎಂದ.

ಅವನು ಲಿಫ್ಟ್ ರಿಪೇರಿ ಮಾಡುವ ಮೆಕ್ಯಾನಿಕ್. ತಂಡದಲ್ಲಿ ಏಳು ನಿಮಿಷಕ್ಕೊಂದು ಕಿಲೋಮೀಟರ್ ಓಡುವವರ ಗುಂಪಿನ ವೇಗ ಕಾಯುವ ಕೆಲಸವನ್ನು ಕೋಚ್ ಅವನಿಗೆ ಒಪ್ಪಿಸಿದ್ದರು. ವಾಚು ನೋಡದೆಯೂ ಹದ ತಪ್ಪದವನು ಎಂದು ಎಲ್ಲರೂ ಹೇಳುತ್ತಿದ್ದರು.

ಅವಳಿಗೆ ಹದ ಗೊತ್ತೇ ಇರಲಿಲ್ಲ. ಹಾಸಿಗೆ ಹಿಡಿದ ಅಮ್ಮನನ್ನು ಒಂಬತ್ತು ವರ್ಷ ನೋಡಿಕೊಂಡವಳು. ತಾನು ಕೆಲಸ ಮಾಡುವ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಿಂದ ಮನೆಗೆ, ಮನೆಯಿಂದ ಔಷಧಿ ಅಂಗಡಿಗೆ, ಅಲ್ಲಿಂದ ಮತ್ತೆ ಕೆಲಸಕ್ಕೆ... ಬರೀ ಓಟ. ಅಮ್ಮ ಹೋಗಿ ವರ್ಷ ಕಳೆದರೂ ಕಾಲಿಗೆ ಆ ಸುದ್ದಿ ತಲುಪಿರಲಿಲ್ಲ. ಈಗಲೂ ಕೀಲಿಕೈ ಕೈಯಲ್ಲೇ ಹಿಡಿದು ಮೆಟ್ಟಿಲು ಹತ್ತುವಳು. ಬಾಗಿಲು ತೆರೆದರೆ ಖಾಲಿ ಮಂಚ.

ಶನಿವಾರ ಮಧ್ಯಾಹ್ನ ಡ್ಯೂಟಿ ಮುಗಿದರೆ ಸೋಮವಾರ ಬೆಳಿಗ್ಗೆಯವರೆಗೆ ಅವಳೊಂದಿಗೆ ಮಾತಾಡುವವರೇ ಇರಲಿಲ್ಲ. ಒಮ್ಮೆ ಸೋಮವಾರ ಮೊದಲ ರೋಗಿಯ ಹೆಸರು ಕೂಗಲು ಹೋದರೆ ಗಂಟಲಿಂದ ದನಿಯೇ ಬರಲಿಲ್ಲ. ಹೆದರಿಬಿಟ್ಟಳು. ಅದೇ ವಾರ ಈ ತಂಡಕ್ಕೆ ಹೆಸರು ಕೊಟ್ಟಿದ್ದಳು.

ತಂಡದ ಎರಡನೆಯ ದಿನ ಅವನು ಒಂದು ಉಪಾಯ ಹೇಳಿಕೊಟ್ಟ.

"ಮಾತಾಡ್ತಾ ಓಡಿ. ಹೇಳೋ ಮಾತು ಪೂರ್ತಿ ಹೇಳೋಕಾದ್ರೆ ವೇಗ ಸರಿ ಇದೆ. ಮಧ್ಯ ಉಸಿರು ಕಟ್ಟಿದ್ರೆ ಜಾಸ್ತಿ ಆಯ್ತು ಅಂತ."

"ಏನು ಮಾತಾಡ್ಲಿ?"

"ಏನಾದ್ರೂ."

ಏನೂ ಹೊಳೆಯಲಿಲ್ಲ. ಕೊನೆಗೆ ಎಕ್ಸ್‌ರೇ ತೆಗೆಯುವಾಗ ರೋಗಿಗಳಿಗೆ ದಿನವಿಡೀ ಹೇಳುವುದನ್ನೇ ಹೇಳಿದಳು. "ಎದೆ ಒತ್ತಿ ನಿಂತ್ಕೊಳ್ಳಿ... ಉಸಿರು ಎಳ್ಕೊಳ್ಳಿ... ಹಾಗೇ ಹಿಡ್ಕೊಳ್ಳಿ..."

"ಹಿಡ್ಕೊಂಡ್ರೆ ಓಡೋದು ಹೇಗೆ ಮೇಡಂ?" ಎಂದು ಅವನು ನಕ್ಕ. ಎಷ್ಟೋ ತಿಂಗಳ ನಂತರ ಅವಳಿಗೂ ನಗು ಬಂತು.

ಹಾಗೆ ಶುರುವಾದ ಮಾತು ವಾರ ಕಳೆದಂತೆ ಉದ್ದವಾಯಿತು. ಐದು ಕಿಲೋಮೀಟರ್, ಹತ್ತು, ಹದಿನೆಂಟು... ಅಮ್ಮ ಕೊನೆಗಾಲದಲ್ಲಿ ಮಗಳಾದ ತನ್ನನ್ನೇ ನರ್ಸ್ ಎಂದುಕೊಂಡು 'ನನ್ನ ಮಗಳು ಯಾವಾಗ ಬರ್ತಾಳೆ' ಎಂದು ಕೇಳುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನಿಗೆ ಹೇಳಿದಳು. ಅವನು ಸಮಾಧಾನದ ಮಾತಾಡಲಿಲ್ಲ. ಪಕ್ಕದಲ್ಲೇ ಓಡುತ್ತಾ, "ನೀವೇನು ಹೇಳ್ತಿದ್ರಿ ಅವರಿಗೆ?" ಎಂದ.

"ಇನ್ನೇನು ಬಂದೇಬಿಟ್ಲು ಅಂತಿದ್ದೆ."

ಆ ದಿನ ಅವಳ ಉಸಿರು ಒಮ್ಮೆಯೂ ಕಟ್ಟಲಿಲ್ಲ.

ನಲವತ್ತೆರಡು ಕಿಲೋಮೀಟರಿನ ಮ್ಯಾರಥಾನ್ ಸ್ಪರ್ಧೆಗೆ ಆರು ವಾರವಿತ್ತು. ಓಟ ಮುಗಿಸಿ ಕಾಲು ಚಾಚಿ ಕುಳಿತಿದ್ದಾಗ, ತಂಡದಲ್ಲಿ ಓಡುವ ಪೋಸ್ಟಾಫೀಸಿನ ಅಕ್ಕ ಹತ್ತಿರ ಸರಿದು ಕೂತರು.

"ನಿಮ್ಮಿಬ್ಬರ ಮಧ್ಯೆ ಏನಾದ್ರೂ ಮಾತು ಬಂತಾ? ನಿಮ್ಮನ್ನ ಬೇರೆ ಗುಂಪಿಗೆ ಹಾಕಿ ಅಂತ ಅವನು ಕೋಚ್ ಹತ್ರ ಕೇಳ್ಕೊಂಡ್ನಂತೆ. ನಾಳೆಯಿಂದ ನೀವು ಆ ಗುಂಪು."

ಅವಳು ಇಲ್ಲವೆಂದು ತಲೆಯಾಡಿಸಿದಳು. ಮುಖ ಮಾತ್ರ ಬೆಂಕಿ ತಾಗಿದಂತೆ ಬಿಸಿಯಾಯಿತು.

'ಸಾಕಾಗಿ ಹೋಗಿರಬೇಕು. ದಿನಾ ಸತ್ತವರ ಕಥೆ ಕೇಳೋಕೆ ಯಾರಿಗೆ ತಾನೇ ಆಗುತ್ತೆ...'

ಹೊರಡುವಾಗ ಅವನು ಏನೋ ಹೇಳಲು ಬಂದ. "ಮೇಡಂ, ಒಂದು ನಿಮಿಷ..."

"ಬಸ್ಸಿಗೆ ಹೊತ್ತಾಯ್ತು," ಎಂದವಳೇ ಹೊರಟುಬಿಟ್ಟಳು.

ಮರುದಿನದಿಂದ ತಂಡದ ಕಡೆ ತಲೆ ಹಾಕಲಿಲ್ಲ. ಅವನು ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ. ಮೂರನೆಯ ಸಲ ಬರಲಿಲ್ಲ. ಅದೂ ನೋಯಿಸಿತು.

ಆದರೆ ಓಟ ಬಿಡಲಿಲ್ಲ. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಬೆಳಿಗ್ಗೆ ಒಬ್ಬಳೇ ಓಡುವಳು, ತನ್ನಷ್ಟಕ್ಕೇ ಮಾತಾಡಿಕೊಂಡು. ಹಾಲಿನ ವ್ಯಾನಿನವನು ವಿಚಿತ್ರವಾಗಿ ನೋಡುತ್ತಿದ್ದ. ನೋಡಲಿ. ಸಿಟ್ಟು ಬಂದ ದಿನ ಕಾಲು ತಾನಾಗಿ ಮುನ್ನುಗ್ಗುತ್ತಿತ್ತು, ಮಾತು ತುಂಡಾಗುತ್ತಿತ್ತು. ಆಗ ತಡೆದು, ಮತ್ತೆ ಮೊದಲಿನಿಂದ ಹೇಳುವಳು. ಕೇಳುವವರಿಲ್ಲದೆಯೂ ಮಾತು ಮುಗಿಸುವುದನ್ನು ಐದು ವಾರದಲ್ಲಿ ಕಲಿತಳು.

ಸ್ಪರ್ಧೆಯ ದಿನ ಬೇಕೆಂದೇ ಗುಂಪಿನ ತೀರಾ ಹಿಂದೆ ನಿಂತಳು. ಅವನ ಕಣ್ಣಿಗೆ ಬೀಳುವುದು ಬೇಡವಾಗಿತ್ತು. ಸಾವಿರಾರು ಜನ ನುಗ್ಗಿ ಮುಂದೆ ಹೋದರು. ಅವಳು ಹೋಗಲು ಬಿಟ್ಟಳು. ಏಳು ನಿಮಿಷಕ್ಕೊಂದು ಕಿಲೋಮೀಟರ್. ಮತ್ತೆ ಏಳು ನಿಮಿಷಕ್ಕೆ ಇನ್ನೊಂದು.

ಮೂವತ್ತೊಂದನೆಯ ಕಿಲೋಮೀಟರಿನ ಕಲ್ಲಿನ ಹತ್ತಿರ ಒಬ್ಬ ಕುಂಟುತ್ತಾ ನಡೆಯುತ್ತಿದ್ದ. ಬೆನ್ನು ನೋಡಿಯೇ ಗುರುತು ಸಿಕ್ಕಿತು.

ಅವನು... ಇಲ್ಲಿ... ಈ ಸ್ಥಿತಿಯಲ್ಲಿ?

ಪಕ್ಕಕ್ಕೆ ಬಂದಾಗ ಅವಳ ಹೆಜ್ಜೆ ತಾನಾಗಿ ನಿಧಾನವಾಯಿತು. ಅವನು ದೆವ್ವ ಕಂಡವನಂತೆ ನೋಡಿದ.

"ನೀವು ಹಿಂದೆ ಇದ್ರಾ?"

"ಮೊದಲಿಂದಲೂ. ನಿಮಗೇನಾಯ್ತು?"

"ಶುರುವಲ್ಲಿ ಎಲ್ಲೂ ಕಾಣಿಸ್ಲಿಲ್ಲ ನೀವು. ಮೊದಲ ದಿನದ ಹಾಗೆ ಮುಂದೆ ನುಗ್ಗಿದ್ದೀರಿ, ಎಲ್ಲೋ ಸುಸ್ತಾಗಿ ಬೀಳ್ತೀರಿ ಅಂತ..." ಮೀನಖಂಡ ಹಿಡಿದುಕೊಂಡ. "ಹಿಡಿಯೋಕೆ ಅಂತ ಓಡಿದೆ. ಇಪ್ಪತ್ತು ಕಿಲೋಮೀಟರ್ ಹಾಗೇ ಓಡಿದೆ. ಕಾಲು ಹೋಯ್ತು."

"ನನ್ನ ಬೇರೆ ಗುಂಪಿಗೆ ಕಳಿಸಿದವರು ನೀವೇ ಅಲ್ವಾ? ಮತ್ತೆ ನನ್ನ ಹಿಂದೆ ಯಾಕೆ ಓಡಿದ್ರಿ?"

ಅವನು ಕಾಲೆಳೆಯುತ್ತಾ ರಸ್ತೆಯ ಅಂಚಿಗೆ ಸರಿದ.

"ಗುಂಪಿನವರು ಬೈದ್ರು. ಏಳು ನಿಮಿಷದ ಗುಂಪು ಎಂಟು ನಿಮಿಷಕ್ಕೆ ಬಂದಿದೆ ಅಂತ. ನಿಜ. ನೀವು ಮಾತಾಡ್ತಿದ್ರೆ ದಾರಿ ಬೇಗ ಮುಗಿಯೋದು ಬೇಡ ಅನಿಸ್ತಿತ್ತು... ನನಗೇ ಗೊತ್ತಿಲ್ಲದೆ ನಿಧಾನ ಮಾಡ್ತಿದ್ದೆ. ನನ್ನಿಂದ ನಿಮ್ಮ ತಯಾರಿಯೂ ಹಾಳಾಗ್ತಿತ್ತು. ಅದಕ್ಕೇ ಕೇಳ್ಕೊಂಡೆ. ಯಾಕೆ ಅಂತ ಹೇಳೋಕೆ ಬಂದೆ ಅವತ್ತು..."

ಬಸ್ಸಿಗೆ ಹೊತ್ತಾಯ್ತು ಎಂದಿದ್ದಳು.

ಅವಳ ಕಣ್ಣು ತುಂಬಿ ರಸ್ತೆ ಮಸುಕಾಯಿತು.

"ನಿಲ್ಲಬೇಡಿ," ಎಂದ ಅವನು. "ಹೆಜ್ಜೆ ಒಳ್ಳೇ ಹದದಲ್ಲಿದೆ. ನನ್ನಿಂದ ಮತ್ತೆ ಕೆಡೋದು ಬೇಡ. ಹೋಗಿ."

"ಹೋಗ್ತೀನಿ. ನೀವು ಬರಬೇಕು. ಎಷ್ಟು ಹೊತ್ತಾದ್ರೂ ಸರಿ."

ಉಳಿದ ಹನ್ನೊಂದು ಕಿಲೋಮೀಟರ್ ಅವಳು ಒಬ್ಬಳೇ ಓಡಿದಳು. ಹಿಂದಿರುಗಿ ನೋಡಬೇಕೆನಿಸಿದಾಗಲೆಲ್ಲ ಮುಂದಿನ ಕಲ್ಲು ನೋಡಿದಳು. ಓಟ ಶುರುವಾಗಿ ಐದು ಗಂಟೆ ತುಂಬಲು ಮೂರು ನಿಮಿಷ ಬಾಕಿಯಿರುವಾಗ ಗೆರೆ ದಾಟಿದಳು. ಯಾರೋ ಕೊರಳಿಗೆ ಪದಕ ಹಾಕಿದರು. ಸುತ್ತಲೂ ಜನ ತಮ್ಮವರನ್ನು ಅಪ್ಪಿಕೊಳ್ಳುತ್ತಿದ್ದರು.

ಅವಳು ತಡೆಬೇಲಿಯ ಪಕ್ಕ ಕುಳಿತು ಕಾದಳು.

ಒಂದು ಗಂಟೆ ಕಳೆಯಿತು. ಕುರ್ಚಿಗಳನ್ನು ಲಾರಿಗೆ ಏರಿಸಿದರು. ಮೈಕಿನವರು ವೈರು ಸುತ್ತತೊಡಗಿದರು. ಬಿಸಿಲು ಏರಿತು. ಆಗ ರಸ್ತೆಯ ತಿರುವಿನಲ್ಲಿ ಅವನು ಕುಂಟುತ್ತಾ ಬಂದ.

ಅವಳು ಎದ್ದು ಎದುರು ಹೋದಳು. ಭುಜ ಕೊಟ್ಟಳು. ಕೊನೆಯ ಇನ್ನೂರು ಹೆಜ್ಜೆ ಇಬ್ಬರೂ ಒಟ್ಟಿಗೆ ನಡೆದರು.

"ಇಷ್ಟು ಹೊತ್ತು ಬಿಸಿಲಲ್ಲಿ ಕೂತಿದ್ರಾ?"

"ನೀನು ಬರ್ತೀಯ ಅಂತ ಗೊತ್ತಿತ್ತು."

ಅವನು ನಿಂತ. "ಏನಂದ್ರಿ?"

ತಾನು ಏನಂದೆನೆಂದು ಅವಳಿಗೂ ಆಗಲೇ ಅರಿವಾದದ್ದು. ಕೆನ್ನೆ ಕೆಂಪಾಯಿತು.

"'ನೀನು' ಅಂದುಬಿಟ್ಟೆ... ಬೇಜಾರಾಯ್ತಾ?"

"ಇಲ್ಲ," ಎಂದ ಅವನು ಮೆಲ್ಲಗೆ. "ಇನ್ನೊಂದ್ಸಲ ಅನ್ನು."